ಡಿಕ್ಕಿಯ ಮೇಲಿನ ಬಸವಣ್ಣ

ಮುಗ್ಗಲು ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಇನ್ನೊಂದು ಸಲ ಮೂಸಿ ನೋಡುತ್ತೇನೆ. ಒದ್ದೆ ಗೋಣಿಚೀಲ, ತುಕ್ಕು ಹಿಡಿದ ತಗಡು, ಜೊತೆಗೆ ಚೂರು ಪೆಟ್ರೋಲು ಸೇರಿದ ಆ ವಾಸನೆ ನನ್ನ ಪಾಲಿಗೆ ಗಂಡನ ಮನೆಯ ಮೊದಲ ವರ್ಷದ ವಾಸನೆ. ಬೇರೆ ಹೆಂಗಸರಿಗೆ ಮಲ್ಲಿಗೆಯೋ ಗಂಧವೋ ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ!

ಮೊನ್ನೆ ನನ್ನ ಸೊಸೆ ಶ್ರುತಿ ಹೊನ್ನಾಳಿಯಿಂದ ಬಂದು, ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಡಿಕ್ಕಿ ತೆಗೆದಾಗ ಅದೇ ವಾಸನೆ ಗಪ್ಪನೆ ಬಂತು. ಅವಳು ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಮ್ಮ ಚನ್ನಗಿರಿಯಿಂದ ದಿನಾ ಹೋಗಿ ಬರುತ್ತಾಳೆ. ಅವತ್ತು ಹಾಗೇ ನ್ಯಾಮತಿಯಲ್ಲಿರುವ ನನ್ನ ನಾದಿನಿಗೆ ಕೊಟ್ಟು ಬಾ ಎಂದು ಒಂದು ಬಟ್ಟೆ ಚೀಲದ ತುಂಬ ಸಂಡಿಗೆ ಕಳಿಸಿದ್ದೆ. ಬೇಸಿಗೆಯೆಲ್ಲ ಮಾಳಿಗೆಯ ಮೇಲೆ ಕಾಗೆ ಕಾದು ಒಣಗಿಸಿದ ಸಂಡಿಗೆ. ದಾರಿಯಲ್ಲಿ ಮಳೆ ಬಂದು, ಡಿಕ್ಕಿಯೊಳಗೆ ನೀರು ನಿಂತು, ಸಂಡಿಗೆ ಹೋಗಿ ಅಂಬಲಿಯಾಗಿತ್ತು. ಕೊಡಲು ನಾಚಿಕೆಯಾಗಿ ಹುಡುಗಿ ಚೀಲವನ್ನು ವಾಪಸು ತಂದಿದ್ದಳು. ನನಗೆ ಪಿತ್ತ ನೆತ್ತಿಗೇರಿತು. "ಸಾಮಾನು ಎಲ್ಲಿ ಹೆಂಗೆ ಇಡಬೇಕು ಅಂತ ನಿನ್ನ ತವರಿನಾಗೆ ಕಲಿಸ್ಲೇ ಇಲ್ವೇನವ್ವ?" ಅಂದುಬಿಟ್ಟೆ. ಅವಳು ಚೀಲ ಅಲ್ಲೇ ಇಟ್ಟು ಒಳಗೆ ಹೋದಳು. ಅವತ್ತಿನಿಂದ "ಹೂಂ ಅತ್ತೆ", "ಇಲ್ಲ ಅತ್ತೆ", ಇಷ್ಟೇ ಮಾತು.

ನಾನು ಆ ತೆರೆದ ಡಿಕ್ಕಿಯ ಮುಂದೆ ನಿಂತೇ ಇದ್ದೆ. ವಾಸನೆ ಮೂಗಿಗೆ ಬರುತ್ತಿತ್ತು. ನಿಧಾನವಾಗಿ ಬೆನ್ನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು. ಯಾರ ಕೈ ಎಂದು ಹೇಳಬೇಕಾದರೆ ನೀವು ನನ್ನ ಜೊತೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬರಬೇಕು. ಅವಸರ ಇಲ್ಲ ತಾನೆ? ಕೂತುಕೊಳ್ಳಿ.

ನಾನು ಜಗಳೂರು ಸೀಮೆಯ ಸೊಕ್ಕೆಯ ಕಡೆಯವಳು. ನಮ್ಮಲ್ಲಿ ಮಳೆ ಅಂದರೆ ನೆಂಟರಿದ್ದ ಹಾಗೆ. ಬರುತ್ತೇನೆ ಎಂದು ಹೇಳಿ ಕಳಿಸುತ್ತದೆ, ಬರುವುದಿಲ್ಲ. ಬಂದರೆ ಊರೆಲ್ಲ ಸಂಭ್ರಮ. ಅಂಥವಳನ್ನು ಚನ್ನಗಿರಿಗೆ ಕೊಟ್ಟರು. ಇಲ್ಲಿ ಉಬ್ರಾಣಿ ಗುಡ್ಡದ ಕಡೆಯಿಂದ ಮೋಡ ಎದ್ದರೆ ಒಣಹಾಕಿದ ಸೀರೆ ಎಳೆದುಕೊಳ್ಳುವುದಕ್ಕೂ ಪುರಸೊತ್ತು ಕೊಡುತ್ತಿರಲಿಲ್ಲ. ಮೊದಲ ತಿಂಗಳೆಲ್ಲ ನಾನು ಬಾಗಿಲಲ್ಲಿ ನಿಂತು ಮಳೆಯನ್ನೇ ನೋಡುತ್ತಿದ್ದೆನಂತೆ. ನಮ್ಮತ್ತೆ ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದರು: "ನಮ್ಮ ಸೊಸೆಗೆ ಮಳೆ ಅಂದ್ರೆ ಸಿನೆಮಾ ಇದ್ದಂಗೆ ಐತೆ ನೋಡ್ರವ್ವ."

ಮಾವನವರದು ಜವಳಿ ವ್ಯಾಪಾರ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಅಂಗಳ, ಅಂಗಳದ ಹಿಂದೆ ಮನೆ. ಆಗಿನ ಕಾಲಕ್ಕೆ ಮದುವೆ ಜವಳಿಗೆ ಹೆಣ್ಣುಮಕ್ಕಳೆಲ್ಲ ಹೊರಟು ಅಂಗಡಿಗೆ ಬರುವುದು ಕಡಿಮೆ. ಅಂಗಡಿಯೇ ಅವರ ಪಡಸಾಲೆಗೆ ಹೋಗಬೇಕು. ಮಾವನವರು ಸೀರೆ ಗಂಟುಗಳನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡು ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸುತ್ತುತ್ತಿದ್ದರು. ಮದುವೆ ಮನೆಯಲ್ಲಿ ಚಾಪೆ ಹಾಸುತ್ತಿದ್ದರು. ಮಾವನವರು ಒಂದೊಂದೇ ಸೀರೆಯನ್ನು ಝಲ್ಲನೆ ಬಿಚ್ಚಿ, ಸೆರಗನ್ನು ತಮ್ಮ ಹೆಗಲಿಗೇ ಹಾಕಿಕೊಂಡು ತೋರಿಸುತ್ತಿದ್ದರು. ಆ ದಪ್ಪ ಮೀಸೆಯ ಮನುಷ್ಯ ಬಾಳೆಕಾಯಿ ಬಣ್ಣದ ಸೀರೆ ಹೊದ್ದು "ನೋಡ್ರವ್ವ, ಮದುಮಗಳಿಗೆ ಹೆಂಗೆ ಒಪ್ಪುತೈತೆ!" ಅಂದರೆ ಯಾರಿಗೆ ಬೇಡ ಅನ್ನಲು ಮನಸ್ಸು ಬಂದೀತು?

ಕಾರು ಹಳೆಯದು. ಎರಡನೆಯವರೋ ಮೂರನೆಯವರೋ ಓಡಿಸಿ ಬಿಟ್ಟದ್ದು. ಆದರೆ ಮಾವನವರಿಗೆ ಅದರ ಮೇಲೆ ಮಗನಿಗಿಂತ ಹೆಚ್ಚು ಪ್ರೀತಿ. ಇದು ನನ್ನ ಮಾತಲ್ಲ, ನಮ್ಮನೆಯವರ ದೂರು. ನನ್ನ ಮದುವೆಯಲ್ಲಿ ನಮ್ಮಪ್ಪ ನನ್ನ ಜೊತೆ ಒಂದು ಹಿತ್ತಾಳೆಯ ಪುಟ್ಟ ಬಸವಣ್ಣನನ್ನು ಕೊಟ್ಟು ಕಳಿಸಿದ್ದರು. ಅಂಗೈ ಅಗಲದ ಪೀಠ, ಮೇಲೆ ಮಂಡಿಯೂರಿ ಕೂತ ಬಸವ, ಕೊರಳಲ್ಲಿ ಗೆಜ್ಜೆ. ಅತ್ತೆ ಅದನ್ನು ದೇವರ ಮಾಡಕ್ಕೆ ಇಡಲು ಹೊರಟರೆ ಮಾವನವರು ತಡೆದರು.

"ಇದು ಕಾರಿಗೆ. ಮುಂದೆ ನಾನಿರ್ತೀನಿ, ಹಿಂದೆ ಸರಕು ಕಾಯಾಕೆ ಯಾರದಾರೆ? ಬಸವಣ್ಣ ಇರ್ಲಿ. ಸೊಸೆ ತಂದ ದೇವರು, ನಮ್ಮ ಜವಳಿ ಕಾಯ್ಲಿ" ಅಂದರು.

ಮಾರನೆಯ ದಿನವೇ ಮೆಕ್ಯಾನಿಕ್ ಬಾಷಾನನ್ನು ಕರೆಸಿ ಡಿಕ್ಕಿಯ ಮುಚ್ಚಳದ ಮೇಲೆ ಸ್ಕ್ರೂ ಹಾಕಿಸಿ ಕೂರಿಸಿದರು. ಸೋಮವಾರ ಬಂದರೆ ಅತ್ತೆ ಮಿಂದು ಮಡಿಯುಟ್ಟು ಬಂದು, ಬಸವಣ್ಣನ ಮೇಲೆ ತಂಬಿಗೆ ನೀರು ಸುರಿದು, ವಿಭೂತಿ ಹಚ್ಚಿ, ಹೂವು ಇಡುತ್ತಿದ್ದರು. ಅದಾದ ಮೇಲೆಯೇ ಮಾವನವರು ಜಗಳೂರಿನ ಕಡೆ ಹೊರಡುವುದು. ಈ ಪದ್ಧತಿ ಎರಡು ವಾರದಲ್ಲಿ ಎಷ್ಟು ಗಟ್ಟಿಯಾಯಿತೆಂದರೆ, ಅಜ್ಜನ ಕಾಲದಿಂದಲೂ ನಡೆದು ಬಂದದ್ದೇನೋ ಅನ್ನುವ ಹಾಗಾಯಿತು. ನಮ್ಮ ಜನಕ್ಕೆ ಸಂಪ್ರದಾಯ ಹಳೆಯದಾಗಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅಷ್ಟರಲ್ಲೇ ಡಿಕ್ಕಿ ಸೋರಲು ಶುರುವಾಯಿತು.

ಮೊದಲು ಗಂಟಿಗೆ ಸುತ್ತಿದ ಬಟ್ಟೆ ಮಾತ್ರ ತೇವ ಆಗುತ್ತಿತ್ತು. ಮಳೆಗಾಲ, ಹೋಗಲಿ ಅಂದುಕೊಂಡರು. ಆಮೇಲೆ ನ್ಯಾಮತಿಯ ಒಂದು ಮದುವೆಗೆ ಒಯ್ದ ಅರಿಸಿನ ಬಣ್ಣದ ಧಾರೆ ಸೀರೆಗೆ ಪಕ್ಕದ ಕೆಂಪು ಸೀರೆಯ ಬಣ್ಣ ಇಳಿದು, ಒಡಲಿನ ಮೇಲೆ ಅಂಗೈ ಅಗಲದ ಕಲೆ ಬಿತ್ತು. ಚಾಪೆಯ ಮೇಲೆ ಬಿಚ್ಚಿದಾಗಲೇ ಎಲ್ಲರಿಗೂ ಕಂಡದ್ದು. ಮಾವನವರು ಬೇರೆ ಸೀರೆ ಕೊಟ್ಟರು. ಆದರೆ ಮದುಮಗಳ ಅಜ್ಜಿ ಮುಖ ತಿರುಗಿಸಿ, "ಧಾರೆ ಸೀರೆಗೇ ಹಿಂಗಾತಲ್ರೀ" ಅಂದರಂತೆ. ಮಾವನವರು ಮನೆಗೆ ಬಂದು ಊಟವನ್ನೇ ಬೇಡ ಅಂದರು. ಜವಳಿ ಮಾರುವವನಿಗೆ ಅದಕ್ಕಿಂತ ದೊಡ್ಡ ಮಾತು ಬೇಕೆ?

ಬಾಷಾ ಬಂದ. ಒಳ್ಳೆಯ ಕೆಲಸಗಾರನೇ. ಆದರೆ ಅವನ ಕೈಗಿಂತ ಬಾಯಿ ಜೋರು. ಮುಚ್ಚಳದ ಸುತ್ತಲಿನ ರಬ್ಬರು ಪಟ್ಟಿಯನ್ನು ಕಿತ್ತು ಹೊಸದು ಹಾಕಿ, "ಇನ್ನ ನೀರಲ್ಲ ಸಾವ್ಕಾರ್ರೇ, ಇರುವೆ ಬಂದ್ರೂ ನನ್ನ ಕೇಳ್ರಿ" ಅಂದ. ಮುಂದಿನ ವಾರ ನೀರು ಬಂತು. ಇರುವೆಯೂ ಬಂತು. ಹಿಂದಿನ ದೀಪಗಳನ್ನು ಬಿಚ್ಚಿ ಅವಕ್ಕೂ ರಬ್ಬರು ಕೊಟ್ಟ. ಹಿಂದಿನ ಗಾಜಿನ ಅಂಚಿಗೆ ಅಂಟು ಬಳಿದ. ಡಿಕ್ಕಿಯ ತಳದಲ್ಲಿ ತುಕ್ಕು ತಿಂದ ಕಡೆ ತಗಡು ಇಟ್ಟು ವೆಲ್ಡಿಂಗ್ ಮಾಡಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ ಆ ಕಾರಿನ ಮೈಮೇಲೆ ಬರೆ ಇಲ್ಲದ ಜಾಗವೇ ಉಳಿಯಲಿಲ್ಲ. ನೀರು ಮಾತ್ರ ಅದರ ಪಾಡಿಗೆ ಅದು ಬಂದು ಎಡಮೂಲೆಯಲ್ಲಿ ನಿಲ್ಲುತ್ತಿತ್ತು.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಬೇಸಿಗೆ. ಮಳೆ ನಿಂತು ತಿಂಗಳುಗಳೇ ಆಗಿದ್ದವು. ಅಂಥ ಸೋಮವಾರವೂ, ರಸ್ತೆಯ ಧೂಳೆಲ್ಲ ಕುಡಿದು ಕೆಂಪಗಾದ ಕಾರನ್ನು ಜಗಳೂರಿನಲ್ಲಿ ನಿಲ್ಲಿಸಿ ಡಿಕ್ಕಿ ತೆಗೆದರೆ ಎಡಮೂಲೆ ಒದ್ದೆ! ಅಲ್ಲಿ ಹೋಟೆಲಿನ ಮುಂದೆ ಕೂತವರು ನಕ್ಕು ನಕ್ಕು ಸಾಕಾದರಂತೆ. "ಸಾವ್ಕಾರ್ರೇ, ಮಳೆ ನಿಮ್ಮ ಡಿಕ್ಕಿಯಾಗೇ ಐತೆ ನೋಡ್ರಿ. ನಮ್ಮ ಹೊಲದ ತಾವ ಬಂದು ಮುಚ್ಚಳ ತೆಗೀರಿ, ಪುಣ್ಯ ಬರ್ತೈತೆ" ಅಂದರಂತೆ. ಮಾವನವರು ಇದನ್ನು ಮನೆಯಲ್ಲಿ ಹೇಳಿದಾಗ ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಅತ್ತೆ ನಗಲಿಲ್ಲ.

ಅತ್ತೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ನೀವು ಅವರನ್ನು ತಪ್ಪು ತಿಳಿದೀರಿ. ಮಾತು ಒರಟು, ಕೈ ಧಾರಾಳ. ನನಗೆ ರಾಗಿ ಮುದ್ದೆ ಕಟ್ಟಲು ಬರದೆ ಅದು ತಟ್ಟೆಯಲ್ಲಿ ಹರಡಿಕೊಂಡಾಗ, "ಪಾಪ, ಜ್ವಾಳದ ರೊಟ್ಟಿ ತಿಂದ ಕೈ" ಅಂತ ತಾವೇ ಬಿಸಿ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಹಾಕಿದವರು. ಆದರೆ ಒಂದು ದೌರ್ಬಲ್ಯ ಇತ್ತು. ಅವರ ಬಾಯಿಂದ ಕ್ಷಮಿಸು ಅನ್ನುವ ಜಾತಿಯ ಮಾತು ಹೊರಡುತ್ತಿರಲಿಲ್ಲ. ಗಂಡನ ಹತ್ತಿರ ಜಗಳವಾಡಿ ತಪ್ಪು ತಮ್ಮದೇ ಎಂದು ಗೊತ್ತಾದರೆ ಅವತ್ತು ಸಾರಿಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು, ಅಷ್ಟೆ. ಮಾವನವರು ತುಪ್ಪ ನೋಡಿ ಅರ್ಥಮಾಡಿಕೊಳ್ಳಬೇಕಿತ್ತು.

ಅಷ್ಟರಲ್ಲಿ ನನ್ನ ತಂಗಿ ಶಾಂತಾಳ ಮದುವೆ ಗೊತ್ತಾಯಿತು. ಜವಳಿ ನಮ್ಮ ಅಂಗಡಿಯಿಂದಲೇ ಅಂತ ನಮ್ಮಪ್ಪ ಹೇಳಿ ಕಳಿಸಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾವನವರ ಜೊತೆ ಕಾರಿನಲ್ಲಿ ಕೂತು, ತಂಗಿಯ ಧಾರೆ ಸೀರೆ ನಾನೇ ಒಯ್ದು, ತವರಿನ ಪಡಸಾಲೆಯಲ್ಲಿ ನಾನೇ ಬಿಚ್ಚಿ ತೋರಿಸಬೇಕು ಅಂತ ಕನಸು. ಸೋಮವಾರ ಹೊರಡುವುದೆಂದು ಆಗಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಬಡಿಸುತ್ತಾ ಇದ್ದಕ್ಕಿದ್ದಂತೆ ಹೇಳಿದರು:

"ಶಾಂತನ ಸೀರೆ ಬಸ್ಸಿನಾಗೆ ಕಳಿಸ್ರಿ. ಆ ಕಾರು ಬ್ಯಾಡ. ಇವಳು ಕಾಲಿಟ್ಟಾಗಿಂದ ಆ ಡಿಕ್ಕಿಗೆ ಏನೋ ಆಗೈತೆ. ಮಳೆ ಇಲ್ದಿದ್ರೂ ಸೋರ್ತೈತೆ ಅಂದ್ರೆ ಏನನ್ನಾಣ? ಕಾಲ್ಗುಣ ಅಂತ ಒಂದು ಇರ್ತೈತೆ."

ಮಾವನವರು "ಏ, ಸುಮ್ನಿರು" ಅಂದರು. ನಮ್ಮನೆಯವರು ತಟ್ಟೆ ನೋಡುತ್ತಾ ಕೂತರು. ಗಂಡಸರಿಗೆ ತಟ್ಟೆ ಇರುವುದೇ ಇಂಥ ಹೊತ್ತಿಗೆ. ನನಗೆ ಸಿಟ್ಟು ಬಂತು, ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಭಯ ಬಂತು. ಯಾಕೆಂದರೆ ಲೆಕ್ಕ ಸರಿಯಾಗಿತ್ತು. ನಾನು ಬಂದ ಮೇಲೆಯೇ ಅದು ಸೋರತೊಡಗಿದ್ದು. ತವರಿನಲ್ಲಿ ಬಸ್ಸಿನಿಂದ ಗಂಟು ಇಳಿದರೆ, ಯಾಕೆ ಕಾರು ಬರಲಿಲ್ಲ ಅಂತ ಕೇಳುತ್ತಾರೆ. ಏನು ಹೇಳಲಿ? ಅಲ್ಲೂ ಆ ಮಾತು ಮುಟ್ಟಿದರೆ, ತಂಗಿಯ ಮದುವೆ ಮನೆಯಲ್ಲಿ ನಾನು ಎಲ್ಲಿ ನಿಲ್ಲಲಿ? ಮನೆಯ ದೊಡ್ಡ ಮಗಳು ಕದದ ಹಿಂದೆ ನಿಲ್ಲಬೇಕೆ?

ಆ ಸಂಜೆ ನಮ್ಮನೆಯವರನ್ನು ಹಿಡಿದುಕೊಂಡೆ. "ನೀರು ಎಲ್ಲಿಂದ ಬರ್ತೈತೆ ಅಂತ ಹೊರಗೆ ನಿಂತು ನೋಡಿದ್ರೆ ಹೆಂಗ್ರೀ ಗೊತ್ತಾಗುತ್ತೆ? ಒಳಗೆ ಕೂತು ನೋಡ್ಬೇಕು. ನಾನು ಕೂರ್ತೀನಿ, ನೀವು ನೀರು ಹಾಕ್ರಿ" ಅಂದೆ.

"ನಿಂಗೇನು ಹುಚ್ಚೇನೇ? ಮನೆ ಸೊಸೆ ಡಿಕ್ಕಿಯಾಗೆ ಕೂರೋದಾ?"

"ಮತ್ತೆ ನೀವು ಕೂರ್ರಿ."

ಅವರು ತಮ್ಮ ಹೊಟ್ಟೆಯ ಕಡೆ ಒಂದು ಸಲ, ಡಿಕ್ಕಿಯ ಕಡೆ ಒಂದು ಸಲ ನೋಡಿ ಒಪ್ಪಿಕೊಂಡರು. ನಾನಾಗ ಸೀಗೆಕಡ್ಡಿಯ ಹಾಗಿದ್ದೆ. ಈಗಿನ ಮಾತು ಎತ್ತಬೇಡಿ.

ಸೋಮವಾರ ಬೆಳಿಗ್ಗೆ, ಅತ್ತೆ ಇನ್ನೂ ಬಚ್ಚಲಲ್ಲಿದ್ದಾಗ, ನಾವಿಬ್ಬರೂ ಕಳ್ಳರ ಹಾಗೆ ಅಂಗಳಕ್ಕೆ ಬಂದೆವು. ದೇವರ ಮನೆಯಿಂದ ಒಂದು ವಿಭೂತಿ ಗಟ್ಟಿ ತಂದು ಪುಡಿ ಮಾಡಿ, ಡಿಕ್ಕಿಯ ಒಳಗೆಲ್ಲ, ಮುಚ್ಚಳದ ಒಳಮೈಗೂ ಉದುರಿಸಿ ಒರೆಸಿದೆ. ನಮ್ಮೂರಿನಲ್ಲಿ ಗುಡಾಣ ಸೋರಿದರೆ ನಮ್ಮಜ್ಜಿ ಹೀಗೇ ಬೂದಿ ಬಳಿದು ನೋಡುತ್ತಿದ್ದಳು. ಒಂದು ಹನಿ ಹರಿದರೂ ಬಿಳಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ. ಬ್ಯಾಟರಿ ದೀಪ ಹಿಡಿದು ಒಳಗೆ ಮುದುಡಿ ಮಲಗಿದೆ. ನಮ್ಮನೆಯವರು ಬಾವಿಯಿಂದ ಸೇದಿ ತಂದ ಬಕೆಟ್ಟನ್ನು ಎತ್ತಿದವರು ಹಾಗೇ ನಿಂತರು.

"ಏನಾತ್ರೀ?"

"ಅಲ್ಲ, ಮೀಯದೆ, ಮಡಿ ಇಲ್ದೆ ಬಸವಣ್ಣನ ಮೇಲೆ ನೀರು ಹಾಕೋದು ಹೆಂಗೆ? ಅವ್ವ ನೋಡಿದ್ರೆ ಕೊಂದೇಬಿಡ್ತಾಳೆ."

ಹೌದಲ್ಲ ಅನ್ನಿಸಿತು ನನಗೂ. ಅವರು ಅಡುಗೆಮನೆಯಿಂದ ಒಂದು ಬೋಗುಣಿ ತಂದು ಬಸವಣ್ಣನ ಮೇಲೆ ಭದ್ರವಾಗಿ ಬೋರಲು ಹಾಕಿ, ಹಾರದಂತೆ ಮೇಲೊಂದು ಕಲ್ಲಿಟ್ಟರು. ಬಾಷಾ ಕೂಡ ಇಷ್ಟು ದಿನ ಹಾಗೇ ಮಾಡಿದ್ದನಂತೆ. "ನಿಮ್ಮ ದೇವ್ರು ಐತಿ, ನಾನು ಕೈ ಹಚ್ಚಾಕಿಲ್ಲ" ಅಂತ ಆ ಜಾಗವೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ನೀರು ಹಾಕಿ ನೋಡಿದ್ದನಂತೆ. ನೋಡಿ, ಒಬ್ಬರಿಗಿಂತ ಒಬ್ಬರು ಮರ್ಯಾದಸ್ಥರು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ನಮ್ಮನ್ನು ನೋಡಿಯೇ ಹುಟ್ಟಿದ ಗಾದೆ.

ಡಬ್ಬನೆ ಮುಚ್ಚಳ ಬಿತ್ತು. ಭುಜದ ಹತ್ತಿರ ಸೀರೆ ಎಲ್ಲೋ ಸಿಕ್ಕಿಕೊಂಡು ಎಳೆದ ಹಾಗಾಯಿತು. ಅಲ್ಲಾಡಲು ಜಾಗ ಇಲ್ಲ, ಸುಮ್ಮನಾದೆ. ಹಿಂದಿನ ಸೀಟಿನ ಸಂದಿನಿಂದ ಗಾಳಿ ಬರುತ್ತಿತ್ತು, ಚೂರು ಬೆಳಕೂ ಇತ್ತು. ಮೇಲೆ ಬಕೆಟ್ಟುಗಟ್ಟಲೆ ನೀರು ಧಬಧಬ ಬಿತ್ತು. ಗಾಜಿನ ಮೇಲೆ, ದೀಪದ ಮೇಲೆ, ಅಂಚಿನ ಮೇಲೆ. ಒಳಗೆ ನಾನು ಬ್ಯಾಟರಿ ಬಿಟ್ಟು ನೋಡುತ್ತೇನೆ, ಒಂದು ಗೆರೆ ಇಲ್ಲ! ವಿಭೂತಿ ಹಾಗೇ ಬೆಳ್ಳಗಿತ್ತು. ಮುಖ ಮೈ ಎಲ್ಲ ವಿಭೂತಿಯಾಗಿ ನಾನೊಬ್ಬಳು ಡಿಕ್ಕಿಯೊಳಗೆ ಜಂಗಮರ ಹಾಗೆ ಬಿದ್ದಿದ್ದೆ. ಬಾಷಾ ಎಲ್ಲ ಕಡೆ ಸರಿ ಮಾಡಿಬಿಟ್ಟಿದ್ದ. ಹಾಗಾದರೆ ನೀರು ಬರುವ ದಾರಿಯೇ ಇಲ್ಲ. ದಾರಿ ಇಲ್ಲದೆಯೂ ಬರುತ್ತದೆ ಅಂದರೆ ಅತ್ತೆ ಹೇಳಿದ್ದೇ ನಿಜ ಅಂತಾಯಿತಲ್ಲ!

ಅದೇ ಹೊತ್ತಿಗೆ ಅಂಗಡಿ ಕಡೆಯಿಂದ ಯಾರೋ ಕೂಗಿದರು. ಕೆರೆಬಿಳಚಿಯ ಗಿರಾಕಿ. ನಮ್ಮನೆಯವರು "ಇರು, ಈಗ ಬಂದೆ" ಅಂತ ಹೋದವರು ಹೋದರೇ. ಜವಳಿ ಅಂಗಡಿಯವನಿಗೆ ಗಿರಾಕಿ ಕಂಡರೆ ಹೆಂಡತಿ ಎಲ್ಲಿದ್ದಾಳೆ ಅನ್ನುವುದು ನೆನಪಿರುತ್ತದೆಯೆ? ಕೂಗೋಣ ಅಂದರೆ, ಹೊಸ ಸೊಸೆ ಡಿಕ್ಕಿಯೊಳಗಿಂದ ಗಂಡನನ್ನು ಕೂಗಿದಳು ಅಂತ ಚನ್ನಗಿರಿಯೆಲ್ಲ ಮಾತಾಗುತ್ತದೆ. ತುಟಿ ಕಚ್ಚಿಕೊಂಡು ಮಲಗಿದ್ದೆ.

ಆಗ ಕಾಲ್ಗೆಜ್ಜೆಯಲ್ಲ, ಕಾಲುಂಗುರದ ಸದ್ದು. ನಿಧಾನದ ಹೆಜ್ಜೆ. ಅತ್ತೆ.

ಹೆಜ್ಜೆ ಕಾರಿನ ಹತ್ತಿರ ಬಂದು ನಿಂತಿತು. ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಆಮೇಲೆ ಕಲ್ಲು ತೆಗೆದಿಟ್ಟರು, ಬೋಗುಣಿ ಎತ್ತಿದರು.

"ಎಲಾ ಬಸವಣ್ಣ, ನಿನ್ನ ತಲೆ ಮ್ಯಾಲೆ ಬೋಗುಣಿ ಮುಚ್ಚಿ ಹೋಗ್ಯಾರಲ್ಲಪ್ಪ" ಅಂದರು. ನೀರು ಸುರಿಯಲಿಲ್ಲ. ಮಾತು ಮುಂದುವರಿಯಿತು. ಯಾವಾಗಲೂ ಮಣಮಣ ಅನ್ನುವ ಅತ್ತೆಯ ಪ್ರಾರ್ಥನೆ ಅವತ್ತು ಬಿಡಿಸಿ ಬಿಡಿಸಿ ಕೇಳಿಸುತ್ತಿತ್ತು.

"ನಿಂಗೊಂದು ಮಾತು ಹೇಳ್ತೀನಿ ಬಸವಣ್ಣ. ಆ ಹುಡುಗಿಗೆ ನಿನ್ನೆ ನಾನು ಹಂಗನ್ನಬಾರದಿತ್ತು. ನಾನು ಈ ಮನೆಗೆ ಬಂದ ವರ್ಷ ಈ ಬಾವಿ ಬತ್ತಿತ್ತು. ನಮ್ಮತ್ತೆ ನನ್ನ ಕಾಲ್ಗುಣ ಅಂದಿದ್ರು. ಒಳಗೆ ಕಣಜದ ಹಿಂದೆ ನಿಂತ್ಕಂಡು ಎಷ್ಟು ಅತ್ತೀನಿ, ನಿಂಗೆ ಗೊತ್ತಿಲ್ಲ, ನೀನಾಗ ಬಂದಿರ್ಲಿಲ್ಲ. ನಾನು ಬಂದ್ರೆ ನೀರು ಬತ್ತಿದ್ದೂ ತಪ್ಪು, ಅವಳು ಬಂದ್ರೆ ನೀರು ಸುರಿದಿದ್ದೂ ತಪ್ಪು, ಹೆಣ್ಣು ಜನ್ಮಕ್ಕೆ ಯಾವ ಕಡೆ ಹೋದ್ರೂ ತಪ್ಪೇ ಏನಪ್ಪ? ಅಷ್ಟು ಅತ್ತೋಳು ಅದೇ ಮಾತು ಆಡಿದೆನಲ್ಲ, ನನ್ನ ನಾಲಿಗೆಗೆ ಏನು ಬಂದಿತ್ತು! ಆ ಕೂಸು ಬಂದ ಮ್ಯಾಲೆ ನಮ್ಮ ಮನೆಯಾಗೆ ನಗು ಐತೆ. ಅವಳ ತಂಗಿ ಸೀರೆ ಈ ಕಾರಿನಾಗೇ ಹೋಗ್ಲಿ. ಅವಳೇ ತಗೊಂಡು ಹೋಗ್ಲಿ. ಒದ್ದೆ ಆದ್ರೆ ನನ್ನ ಧಾರೆ ಸೀರೆ ಕೊಡ್ತೀನಿ, ಪೆಟ್ಟಿಗೆಯಾಗೆ ಐತೆ. ಮನಸ್ಸಿನಾಗೆ ಇಟ್ಕಬ್ಯಾಡ ಅಂತ ಅವಳಿಗೆ ಹೇಳು."

ಆಮೇಲೆ ತಂಬಿಗೆಯ ನೀರು ಸುರಿಯಿತು.

ನನಗೆ ಕಣ್ಣು ಮಂಜಾಗಿತ್ತು. ಹಣೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ನನ್ನದೇ ಕಣ್ಣೀರು ಅಂದುಕೊಂಡೆ. ಇನ್ನೊಂದು ಹನಿ ಬಿತ್ತು. ಕಣ್ಣೀರು ಮೇಲಿಂದ ಕೆಳಗೆ ಬರುತ್ತದೆ ಸರಿ, ಆದರೆ ಡಿಕ್ಕಿಯ ಚಾವಣಿಯಿಂದ ಹೆಂಗೆ ಬರುತ್ತದೆ? ಬ್ಯಾಟರಿ ಬಿಟ್ಟೆ. ಮುಚ್ಚಳದ ಒಳಗಿನ ಮಡಿಕೆಯಲ್ಲಿ, ಬೆಳ್ಳನೆಯ ವಿಭೂತಿಯ ಮೇಲೆ, ಕಪ್ಪನೆಯ ಗೆರೆಯೊಂದು ಬಸವಣ್ಣ ಕೂತ ನಟ್ಟನಡುವಿನಿಂದ ಹೊರಟು, ಓರೆಯಾಗಿ ಇಳಿದು, ನೇರ ಎಡಮೂಲೆಗೆ, ನನ್ನ ತಲೆ ಇದ್ದ ಕಡೆಗೆ ಬಂದಿತ್ತು. ಸ್ಕ್ರೂ ಹಾಕಲು ಕೊರೆದ ತೂತು! ನೀರು ಒಂದು ಕಡೆ ಒಳಗೆ ಬಂದು, ಮಡಿಕೆ ಹಿಡಿದು ಹರಿದು, ಇನ್ನೊಂದು ಕಡೆ ಇಳಿಯುತ್ತಿತ್ತು. ಮಳೆ ಬಂದರೆ ಮಳೆ ನೀರು. ಮಳೆ ಇಲ್ಲದ ಸೋಮವಾರ ಅತ್ತೆಯ ತಂಬಿಗೆ ನೀರು. ಜಗಳೂರಿನವರು ನಕ್ಕ ಮಳೆ ನಮ್ಮತ್ತೆ ಸುರಿದ ಮಳೆ.

"ಸಿಕ್ತು ಅತ್ತೇ! ಸಿಕ್ತು! ಬಸವಣ್ಣನ ಬುಡದಾಗೆ ಐತೆ!" ಅಂತ ಕಿರುಚಿದೆ.

ಹೊರಗೆ ತಂಬಿಗೆ ಠಣ್ ಠಣ್ ಅಂತ ಉರುಳಿತು. "ಅಯ್ಯಯ್ಯಪ್ಪ!" ಅಂದರು ಅತ್ತೆ. ಅಂಗಡಿಯಿಂದ ನಮ್ಮನೆಯವರು, ಹಿಂದೆ ಮಾವನವರು, ಅವರ ಹಿಂದೆ ಕೆರೆಬಿಳಚಿಯ ಗಿರಾಕಿ ಓಡಿ ಬಂದರು. ಮುಚ್ಚಳ ತೆಗೆದಾಗ ಮೈಯೆಲ್ಲ ವಿಭೂತಿ ಬಳಿದುಕೊಂಡ ಸೊಸೆ ಎದ್ದು ಕೂತದ್ದನ್ನು ನೋಡಿ ಆ ಗಿರಾಕಿ ಕೈ ಮುಗಿದೇಬಿಟ್ಟ. ಅವನು ಅವತ್ತು ಚೌಕಾಸಿಯನ್ನೂ ಮಾಡಲಿಲ್ಲವಂತೆ.

ಬಾಷಾ ಬಂದು, ಸೈಕಲ್ ಟ್ಯೂಬು ಕತ್ತರಿಸಿ ಬಸವಣ್ಣನ ಪೀಠದ ಅಡಿಗೆ ಹಾಸಿ, ಸ್ಕ್ರೂಗಳಿಗೂ ರಬ್ಬರಿನ ಬಿಲ್ಲೆ ಕೊಟ್ಟು, ಸುತ್ತ ಅಂಟು ಬಳಿದು ಬಿಗಿ ಮಾಡಿದ. "ತೂತು ಕೊರೆದೋನು ನಾನೇ, ತೂತು ಹುಡುಕ್ದೋನೂ ನಾನೇ, ಖಲಾಸ್!" ಅಂತ ಬೇರೆ ಹೇಳಿಕೊಂಡ. ಇರಲಿ ಪಾಪ. ಅತ್ತೆ ಮಾತ್ರ ಊರಿಗೆಲ್ಲ "ಬಸವಣ್ಣನೇ ತೋರಿಸಿಕೊಟ್ಟ" ಅಂತ ಹೇಳಿದರು. ಮಧ್ಯಾಹ್ನ ನಾವು ಹೊರಟಾಗ ಶಾಂತಾಳ ಸೀರೆ ಡಿಕ್ಕಿಯೊಳಗೆ ಇತ್ತು. ಜಗಳೂರು ದಾಟಿ ತವರಿನ ಪಡಸಾಲೆಯಲ್ಲಿ ಗಂಟು ಬಿಚ್ಚಿದೆ. ಒಣ ಸೀರೆ, ಗರಿಗರಿ. ನಮ್ಮವ್ವ ಅದನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ಸೆರಗನ್ನು ಮಾವನವರ ಹಾಗೆ ಹೆಗಲಿಗೆ ಹಾಕಿಕೊಂಡು ತೋರಿಸಿದೆ. ಅವತ್ತಿನಷ್ಟು ಸುಖ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅವತ್ತು ಚನ್ನಗಿರಿಯಿಂದ ಹೊರಡುವ ಮುಂಚೆ ಊಟಕ್ಕೆ ಕೂತಾಗ ನನ್ನ ಸಾರಿನಲ್ಲಿ ತುಪ್ಪ ತೇಲುತ್ತಿತ್ತು. ಅತ್ತೆಯ ಪ್ರಾರ್ಥನೆ ಕೇಳಿಸಿಕೊಂಡದ್ದನ್ನು ನಾನು ಗುಟ್ಟಾಗಿಯೇ ಇಟ್ಟುಕೊಂಡೆ. ದೇವರಿಗೆ ಹೇಳಿದ ಮಾತು, ಕದ್ದು ಕೇಳಿದ್ದು ಅಂತ ಗೊತ್ತಾದರೆ ಅವರಿಗೆ ನಾಚಿಕೆಯಾದೀತು ಅಂತ.

ಎಂಬತ್ತರ ದಶಕದ ನಡುವೆ ಮಾವನವರಿಗೆ ಕಣ್ಣು ಮಂದವಾಗಿ ಕಾರು ಮಾರಿದೆವು. ಕೊಂಡವರು ಬರುವ ಮುಂಚೆ ಬಾಷಾ ಬಸವಣ್ಣನನ್ನು ಬಿಚ್ಚಿ ಕೊಟ್ಟ. ಅತ್ತೆಯೂ ನಾನೂ ಅಂಗಳದ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗುತ್ತಿದ್ದೆವು. ಅತ್ತೆ ಪೀಠ ಉಜ್ಜುತ್ತಾ, ಮುಖ ಎತ್ತದೆ ಕೇಳಿದರು:

"ಆ ಹಸಿರು ಸೀರೆ ಏನು ಮಾಡಿದೆ?"

"ಯಾವುದು ಅತ್ತೆ?"

"ಅದೇ, ಡಿಕ್ಕಿಯಾಗೆ ಮಲಗಿದ ದಿನ ಉಟ್ಟಿದ್ದು. ಸೆರಗಿಗೆ ಗ್ರೀಸ್ ಹತ್ತಿತ್ತಲ್ಲ."

ಹತ್ತಿತ್ತು. ಎಷ್ಟು ಒಗೆದರೂ ಹೋಗದ ಕಪ್ಪು ಗೆರೆ. ನಿಮಗೆ ಹೆಂಗೆ ಗೊತ್ತು ಅನ್ನುವ ಹಾಗೆ ನೋಡಿದೆ.

"ಮೊಳದುದ್ದ ಸೆರಗು ಮುಚ್ಚಳದ ಹೊರಗೆ ನೇತಾಡ್ತಿತ್ತು ಕಣೆ. ಕುರುಡಿಗೂ ಕಾಣ್ತಿತ್ತು."

ನನ್ನ ಕೈ ಅಲ್ಲೇ ನಿಂತಿತು. "ಮತ್ತೆ... ಅದೆಲ್ಲ ನೀವು ಬಸವಣ್ಣನಿಗೆ..."

"ಬಸವಣ್ಣನಿಗೆ ಯಾಕೆ ಹೇಳ್ಬೇಕು? ಅವನಿಗೇನು ನಾನು ಕಾಲ್ಗುಣ ಅಂದಿದ್ನಾ?" ಅಂದರು ಅತ್ತೆ. ಬಸವಣ್ಣನನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಎದ್ದರು. "ಆದ್ರೂ ನೀನು ಹಂಗೆ ಕಿರುಚಬಾರದಿತ್ತು. ತಂಬಿಗೆ ಸೊಟ್ಟಗಾತು."

ಇಷ್ಟೇ. ಅತ್ತೆ ಈಗ ಇಲ್ಲ. ಸೊಟ್ಟ ತಂಬಿಗೆ ಇದೆ, ಬಸವಣ್ಣ ದೇವರ ಮಾಡದಲ್ಲಿದ್ದಾನೆ. ಮೊನ್ನೆ ಆ ತೆರೆದ ಡಿಕ್ಕಿಯ ಮುಂದೆ ನಿಂತಾಗ ಬೆನ್ನ ಮೇಲೆ ಬಂದದ್ದು ಅವರ ಕೈ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನಗೆ ಎರಡೂ ಕಾಲ ಸಿಕ್ಕಿದೆ. ಸಿಕ್ಕಿ ಏನು ಬಂತು, ಬಾಯಿಗೆ ಬಂದದ್ದು ಅದೇ ಹಳೆಯ ಜಾತಿಯ ಮಾತು.

ಇವತ್ತು ಬೆಳಿಗ್ಗೆ ಶ್ರುತಿಯ ಹತ್ತಿರ ಹೋಗಿ, ಆದಷ್ಟು ಒರಟಾಗಿಯೇ, "ಅದು ಎಲ್ಲಿ ಸೋರ್ತೈತೆ ಅಂತ ಹೊರಗೆ ನಿಂತ್ರೆ ಗೊತ್ತಾಗಲ್ಲ, ಒಳಗೆ ಕೂರ್ಬೇಕು" ಅಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವಾ ಅತ್ತೆ?" ಅಂದಳು. ಎರಡು ದಿನದ ಮೇಲೆ ತುಟಿಯ ಮೂಲೆಯಲ್ಲಿ ಚೂರು ನಗು ಕಂಡಿತು. "ನಾನಲ್ಲವ್ವ, ನೀನು" ಅಂದೆ. ವಿಭೂತಿ ಪುಡಿ ಕೊಟ್ಟೆ. ಅವಳು ಮೊಬೈಲಿನ ಬೆಳಕು ಹಚ್ಚಿಕೊಂಡು, ದುಪಟ್ಟಾ ಸುತ್ತಿಕೊಂಡು ಒಳಗೆ ಮುದುಡಿದಳು. ಗಾಳಿಗೆಂದು ಹಿಂದಿನ ಸೀಟು ಮಡಿಸಿ ಕಿಟಕಿ ಇಳಿಸಿಟ್ಟಿದ್ದೆವು. ನಾನು ಮುಚ್ಚಳ ಹಾಕಿ ನಲ್ಲಿಯ ಪೈಪು ಎತ್ತಿಕೊಂಡೆ.

ಅವಳ ಕೆಂಪು ದುಪಟ್ಟಾದ ತುದಿ ಮುಚ್ಚಳದ ಹೊರಗೆ ಉಳಿದಿತ್ತು.

ಈಗಿನ ಕಾರಿನ ಮೇಲೆ ಬಸವಣ್ಣ ಇಲ್ಲ. ಯಾರಿಗೆ ಹೇಳಲಿ ಅಂತ ಸುತ್ತ ನೋಡಿದೆ. ಕೊನೆಗೆ ಪಕ್ಕದ ನುಗ್ಗೆ ಮರದ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡೆ.

"ಕೇಳಿಲ್ಲಿ, ನುಗ್ಗೆ ಮರವೇ. ಆ ಹುಡುಗಿಗೆ ಮೊನ್ನೆ ನಾನು ತವರಿನ ಮಾತು ಎತ್ತಬಾರದಿತ್ತು. ಸಂಡಿಗೆ ಹೋದ್ರೆ ಮತ್ತೆ ಹಾಕ್ಬೌದು. ಅವಳು ಒಳ್ಳೆ ಮನೆಯ ಕೂಸು. ನನ್ನ ಬಾಯಿ ಕೆಟ್ಟದ್ದು."

ಕೇಳಿಸಿತೋ ಇಲ್ಲವೋ ಅಂತ ನಾನು ಪೈಪು ಹಿಡಿದುಕೊಂಡು ನಿಂತೆ. ನೀರು ಸುಮ್ಮನೆ ನನ್ನ ಕಾಲ ಮೇಲೆ ಹರಿಯುತ್ತಿತ್ತು.

ಒಳಗಿನಿಂದ ದನಿ ಬಂತು. ಅಳುವೋ ನಗುವೋ ತಿಳಿಯದ ದನಿ.

"ಅತ್ತೆ, ಇನ್ನೊಂದು ಸಲ ಹೇಳ್ರಿ. ನುಗ್ಗೆ ಮರಕ್ಕೆ ಸರಿಯಾಗಿ ಕೇಳಿಸಿಲ್ಲಂತೆ."